ಸ್ಟ್ಯಾಂಡಿನ ಕಾಲಡಿಯ ನಿಂಬೆಹಣ್ಣು

ತೊಂಬತ್ತರ ದಶಕದಲ್ಲಿ ಪರದೇಶದ ಎಜ್‌ವೇರ್ ಊರಿನ ನಮ್ಮ ಮನೆಯ ಗ್ಯಾರೇಜಿನಲ್ಲಿ ನನ್ನದೊಂದು ಸ್ಕ್ರೋಲ್ ಸಾ ಇತ್ತು. ಹಲಗೆಯಲ್ಲಿ ಬಳ್ಳಿ, ನವಿಲು ಕೊರೆಯುವ ಕರೆಂಟಿನ ಗರಗಸ ಅದು. ಯಾವ ಮೇಜಿನ ಮೇಲಿಟ್ಟರೂ ಮೇಜೇ ಗಡಗಡ ನಡುಗುತ್ತಿತ್ತು. ರೋಸಿಹೋಗಿ ಹಳೆಯ ಮಂಚವೊಂದನ್ನು ಒಡೆದು, ಅದರ ಕಾಲುಗಳಿಂದಲೇ ಗರಗಸಕ್ಕೊಂದು ಸ್ಟ್ಯಾಂಡ್ ಮಾಡಿದೆ. ಬಂಡೆಯಂತೆ ನಿಂತಿತು.

ಆಯುಧಪೂಜೆಯ ದಿನ, ಮೈಸೂರಿನವರಾದ ನನ್ನ ಡಾಕ್ಟರ್ ಗಂಡ ನಿಂಬೆಹಣ್ಣಿನ ಮೇಲೆ ಕಾರು ಹತ್ತಿಸಿದರು. ಮಿಕ್ಕ ಹಣ್ಣುಗಳನ್ನು, ನಾನು ಒಳಗೆ ಹೋಗಿದ್ದಾಗ, ಸ್ಟ್ಯಾಂಡಿನ ಕಾಲುಗಳ ಕೆಳಗೆ ತುರುಕಿಬಿಟ್ಟಿದ್ದರು! ಗರಗಸಕ್ಕೆ ಹಾಕಿದ್ದ ಚೆಂಡುಹೂವಿನ ಹಾರ ಇಳಿಬಿದ್ದಿದ್ದರಿಂದ ಅವು ನನಗೆ ಕಾಣಲಿಲ್ಲ. ಸ್ವಿಚ್ ಒತ್ತಿದೆ. ಹಣ್ಣುಗಳು ಪಚಕ್ಕನೆ ಒಡೆದವು, ಸ್ಟ್ಯಾಂಡ್ ಜಾರಿತು, ಗರಗಸ ನನ್ನ ಪಾದದ ಮೇಲೆ ಬಿತ್ತು. ಹರಿದ ಗಾಯಕ್ಕೆ ನಿಂಬೆರಸ ಬೇರೆ. ಕಿರುಚುತ್ತಲೇ ಸುತ್ತಿಗೆ ಎತ್ತಿ, ಆ ಸ್ಟ್ಯಾಂಡು ಪುಡಿಪುಡಿಯಾಗುವವರೆಗೆ ಚಚ್ಚಿದೆ.

ಗಂಡ ಕೆಳಗೆ ಕೂತು ಬ್ಯಾಂಡೇಜ್ ಸುತ್ತುತ್ತಾ, “ದೃಷ್ಟಿ ತಾಕಿದೆ ಕಣೇ. ಬೂದುಗುಂಬಳಕಾಯಿ ಒಡೀಬೇಕಿತ್ತು. ಈ ಊರಲ್ಲಿ ಎಲ್ಲಿ ಹುಡುಕೋದು?” ಎಂದರು.

ಸುತ್ತಿಗೆ ಇನ್ನೂ ನನ್ನ ಕೈಯಲ್ಲೇ ಇತ್ತು.

“ಹುಡುಕೋದು ಯಾಕ್ರೀ?” ಎಂದೆ. “ಸ್ವಲ್ಪ ತಲೆ ಬಗ್ಗಿಸಿ, ಸಾಕು.”