ಯಾರೂ ಕೊಡದ ಆರ್ಡರ್

ನನ್ನ ತಮ್ಮನ ಮಾತ್ರೆಯನ್ನು ನಾನು ಬದಲಾಯಿಸಿದೆ. ಡಾಕ್ಟರು ಬರೆದುಕೊಟ್ಟದ್ದನ್ನು ತೆಗೆದು, ಅದೇ ಬಣ್ಣದ ವಿಟಮಿನ್ ಮಾತ್ರೆ, ಶಕ್ತಿಯದು, ಕೊಟ್ಟೆ. ಅವನಿಗೆ ಹೇಳಲಿಲ್ಲ. ಹೇಳಲೇಬೇಕಾದ ಹೊತ್ತು ಬಂದಾಗಲೂ ಹೇಳಲಿಲ್ಲ.

ಇಷ್ಟು ಕಾಲ ಈ ಜಾಗದಲ್ಲಿ ಸಾಂಬಾರು, ಲೋಕಲ್ ಟ್ರೇನಿನ ಸೀಟು, ಗಿರಾಕಿಗಳ ಜಗಳ ಎಂದು ಬರೆದು ನಿಮ್ಮನ್ನು ನಗಿಸಿದವನು ನಾನು. ಈ ವಾರ ನಗು ಇಲ್ಲ, ಕ್ಷಮಿಸಿ. (ಕ್ಷಮೆ ಕೇಳಬೇಕಾದದ್ದು ನಿಮ್ಮ ಹತ್ತಿರ ಅಲ್ಲ, ಗೊತ್ತು. ಅಲ್ಲಿಗೇ ಬರುತ್ತಿದ್ದೇನೆ.)

ಮುಂಬಯಿ ಹತ್ತಿರದ ಡೊಂಬಿವ್ಲಿಯ ನಮ್ಮ ಸಣ್ಣ ಹೋಟೆಲಿನಲ್ಲಿ ಗಲ್ಲಾ ನನ್ನದು, ದೋಸೆ ಕಾವಲಿ ತಮ್ಮನದು. ಅವನನ್ನು ಇಲ್ಲಿ ಸದಾ ಎನ್ನುತ್ತೇನೆ. (ಬರೆಯಲು ಅವನೇ ಒಪ್ಪಿಗೆ ಕೊಟ್ಟ. "ಹೆಸರು ಮಾತ್ರ ಬೇರೆ ಇಡು, ಸ್ವಲ್ಪ ಚಂದದ್ದು" ಎಂದ.)

ನಮ್ಮಲ್ಲಿ ಆರ್ಡರ್ ಬರೆದುಕೊಳ್ಳುವ ಪದ್ಧತಿ ಇಲ್ಲ. ನಾನೋ ವೇಟರೋ ಅಡುಗೆಮನೆಯ ಕಿಟಕಿಯ ಕಡೆ ಕೂಗುವುದು: "ಎರಡು ಮಸಾಲೆ, ಒಂದು ಕಡಕ್!" ಕೂಗುವವನು ಮುಖ ತಿರುಗಿಸುವುದಿಲ್ಲ. ಅವನ ಕಣ್ಣು ಮುಂದಿನ ಟೇಬಲಿನ ಮೇಲೆ. ಒಳಗಿನವನೂ ತಲೆ ಎತ್ತುವುದಿಲ್ಲ. ಅವನ ಕಣ್ಣು ಕಾವಲಿಯ ಮೇಲೆ. ದನಿ ಬಂತು, ದೋಸೆ ಹೋಯಿತು. ಅಷ್ಟೇ.

ಕೆಲವು ವರ್ಷಗಳ ಹಿಂದೆ ಆ ಕಿಟಕಿಯಲ್ಲಿ ಹೆಚ್ಚುವರಿ ದೋಸೆಗಳು ಬಂದು ಕೂರತೊಡಗಿದವು. ಯಾರೂ ಕೇಳದ ದೋಸೆಗಳು.

"ಇದನ್ನು ಯಾರು ಹೇಳಿದ್ದು ಮಾರಾಯ?"

"ನೀನೇ ಹೇಳಿದ್ದಲ್ಲ ಅಣ್ಣ."

"ನಾನು ಬಾಯಿಯೇ ಬಿಡಲಿಲ್ಲ!"

"ಹೇಳಿದ್ದಿ. ಆಮೇಲೆ ಬೈದದ್ದೂ ಕೇಳಿತು."

ವೇಟರ್ ಶೇಖರ ಸುಮ್ಮನಿರುವ ಜನವಲ್ಲ. "ಸದಣ್ಣ, ಶೇಖರನ ಸಂಬಳ ಜಾಸ್ತಿ ಮಾಡು ಅಂತಲೂ ಯಾರಾದರೂ ಕೂಗಿದ್ದು ಕೇಳಿತಾ ನೋಡಿ" ಎಂದ. ಗಿರಾಕಿಗಳು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಸದಾ ಸಟ್ಟುಗ ಹಿಡಿದು ನಮ್ಮೆಲ್ಲರ ಮುಖವನ್ನು ಒಬ್ಬೊಬ್ಬರದಾಗಿ ನೋಡಿದ. ಮಂಡೆ ಸಮ ಇಲ್ಲ ಎಂದು ಒಳಗೊಳಗೇ ಮಾತಾಯಿತು.

ಥಾಣೆ ಊರಿನ ಆಸ್ಪತ್ರೆಯ ಡಾಕ್ಟರು ಅದಕ್ಕೆ ಸ್ಕಿಜೋಫ್ರೇನಿಯಾ ಎಂದು ಹೆಸರು ಹೇಳಿ ಮಾತ್ರೆ ಕೊಟ್ಟರು. ದನಿಗಳು ನಿಂತವು. ಆದರೆ ಕೈ ನಡುಗಲು ಶುರುವಾಯಿತು. ಗುಂಡಗಿನ ದೋಸೆ ಹುಯ್ಯುತ್ತಿದ್ದವನ ದೋಸೆ ಈಗ ಯಾವುದೋ ದೇಶದ ಭೂಪಟ. ಬೆಳಿಗ್ಗೆ ಎಬ್ಬಿಸಿದರೆ ಏಳುವುದಿಲ್ಲ. ಎದುರಿಗೆ ಗಣಪತಿ ಹಬ್ಬದ ರಶ್. ನನಗೆ ಕಾವಲಿ ಮುಖ್ಯವಾಯಿತು.

ನಾನು ಓದಿದ್ದು ರಾತ್ರಿ ಶಾಲೆಯಲ್ಲಿ, ಏಳನೇ ಕ್ಲಾಸು. ಆದರೆ ಹಿಟ್ಟು ಹುಳಿಯಾದರೆ ಏನು ಮಾಡಬೇಕು, ಸಾಂಬಾರಿಗೆ ಉಪ್ಪು ಜಾಸ್ತಿಯಾದರೆ ಏನು ಮಾಡಬೇಕು, ಗೊತ್ತಿತ್ತು. ಮಾತ್ರೆಯೂ ಹಾಗೆಯೇ ಎಂದುಕೊಂಡೆ. ದನಿ ನಿಂತಿದೆಯಲ್ಲ, ಇನ್ನು ಯಾಕೆ? ಸಂಜೆ ಚಹಾದ ಜೊತೆ ಮಾತ್ರೆ ಕೊಡುತ್ತಿದ್ದವನು ನಾನೇ. ಅವನು ಅದನ್ನು ನೋಡುತ್ತಲೂ ಇರಲಿಲ್ಲ. ಅಣ್ಣ ಕೊಟ್ಟದ್ದು. ಬಾಯಿಗೆ ಹಾಕಿ ನುಂಗುತ್ತಿದ್ದ.

ಮೊದಮೊದಲು ಎಷ್ಟು ಚಂದ! ಕೈ ನಡುಕ ನಿಂತಿತು. ದೋಸೆ ಮತ್ತೆ ಗುಂಡಗಾಯಿತು. ಡಾಕ್ಟರಿಗಿಂತ ನಾನೇ ಹುಷಾರು ಎಂದು ಬೀಗಿದೆ.

ಆಮೇಲೆ ಯಾರೂ ಕೇಳದ ದೋಸೆಗಳು ವಾಪಸ್ ಬಂದವು. ಒಂದು ಮಧ್ಯಾಹ್ನ ಸದಾ ಏಪ್ರನ್ ಕಟ್ಟಿಕೊಂಡೇ ಹೊರಗೆ ನಡೆದವನು ಬರಲಿಲ್ಲ. ಕೋಪರಿ, ದಿವಾ, ಕಲ್ಯಾಣ್, ಎಲ್ಲ ಕಡೆ ಹುಡುಕಿದೆವು. ಮರುದಿನ ತುರ್ಭೆಯ ಮಾರ್ಕೆಟಿನಿಂದ ಫೋನು. ಮೂಟೆ ಹೊರುವ ವಿಜಯಪುರದವರೊಬ್ಬರು ಏಪ್ರನ್ ಮೇಲಿದ್ದ ಹೋಟೆಲ್ ನಂಬರ್ ನೋಡಿ ಮಾಡಿದ್ದರು.

"ಇಲ್ಲೊಬ್ಬಾಂವ ಉಳ್ಳಾಗಡ್ಡಿ ಚೀಲದ ಸಂದ್ಯಾಗ ಕುಂತಾನ್ರಿ. ದೋಸೆ ಆಯ್ತು, ತಗೊಂಡು ಹೋಗಿ ಅಂತಾನ. ಕೈಯಾಗ ಏನೂ ಇಲ್ರಿ. ಊಟಾ ಕೊಟ್ಟೇವಿ, ಉಣ್ಣವಲ್ಲ. ನಿಮ್ಮಾಂವ ಏನ್ರಿ?"

ನಮ್ಮವನೇ ಎಂದೆ.

ಕರೆದುಕೊಂಡು ಬಂದು ಈ ಸಲ ನಿಜವಾದ ಮಾತ್ರೆ ಕೊಟ್ಟೆ. ಸದಾ ನುಂಗಲು ಬಾಯಿ ತೆರೆಯಲಿಲ್ಲ. "ತಿಂದೂ ಹೀಗಾಯಿತಲ್ಲ ಅಣ್ಣ. ಒಂದು ದಿನ ತಪ್ಪಿಸಲಿಲ್ಲ ನಾನು. ನನ್ನದು ಗುಣ ಆಗುವ ಜಾತಿ ಅಲ್ಲ, ಬಿಡು" ಎಂದ.

ಆಗ ಹೇಳಬಹುದಿತ್ತಲ್ಲ? ಒಂದೇ ಒಂದು ಮಾತು. ನಾನೂ ಬಾಯಿ ತೆರೆಯಲಿಲ್ಲ.

ಕಳೆದ ವಾರ ಮತ್ತೆ ಥಾಣೆಯ ಆಸ್ಪತ್ರೆಗೆ ಹೋದೆವು. ಈಗಿನ ಡಾಕ್ಟರ್ ನಮ್ಮ ಕಡೆಯ ಹುಡುಗಿ. ಇಲ್ಲೇ ಹುಟ್ಟಿದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಹಿಂದಿಯಲ್ಲಿ. ಸದಾನನ್ನು ನೋಡಿ ಹೊರಗೆ ಕೂರಿಸಿ ನನ್ನನ್ನು ಕರೆದಳು.

"ಅಂಕಲ್, ದವಾ ಬರಾಬರ್ ಲೇ ರಹೇ ಥೇ ನಾ?"

"ಹಾಂ, ಮಾತ್ರೆ ಸರಿಯಾಗಿಯೇ ತಿಂದಿದ್ದಾನೆ" ಎಂದೆ. ಮಾತು ತಪ್ಪಿಸಲು ಕೇಳಿದೆ, "ಯಾರೂ ಮಾತಾಡದೆ ಅವನಿಗೆ ಮಾತು ಹೇಗೆ ಕೇಳುತ್ತದೆ ಡಾಕ್ಟ್ರೇ?"

ಪಾಪ, ಅವಳು ಪೆನ್ನು ಕೆಳಗಿಟ್ಟು ವಿವರಿಸಿದಳು. ಮಿದುಳಿನ ಒಂದು ಕೋಶ ಇನ್ನೊಂದಕ್ಕೆ ತಾಗುವುದಿಲ್ಲವಂತೆ. ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಸಂದು. ಈಚೆಯ ಕೋಶ ರಾಸಾಯನಿಕದ ಕಣಗಳನ್ನು ಆ ಸಂದಿಗೆ ಬಿಡುತ್ತದೆ. ಆಚೆಯ ಕೋಶದ ಮೈಮೇಲೆ ಪ್ರೋಟೀನಿನಿಂದಾದ ಗೂಡುಗಳಿವೆ, ರಿಸೆಪ್ಟರ್ ಎನ್ನುತ್ತಾರೆ. ಕಣ ಬಂದು ತನ್ನ ಗೂಡಿನಲ್ಲಿ ಕೂತರೆ ಸುದ್ದಿ ಮುಟ್ಟಿತು.

"ನಮ್ಮ ಅಡುಗೆಮನೆಯ ಕಿಟಕಿಯ ಹಾಗೆ" ಎಂದೆ.

"ಅದೇ ಅಂಕಲ್!" ಎಂದಳು. (ಇದೊಂದು ಕನ್ನಡದಲ್ಲಿ.)

ಅಂಥ ಒಂದು ಕಣ ಡೋಪಮೈನ್. 'ಇದು ಮುಖ್ಯ, ಇತ್ತ ನೋಡು' ಎನ್ನುವುದು ಅದರ ಕೂಗು. ಈ ಕಾಯಿಲೆಯಲ್ಲಿ ಮಿದುಳಿನ ಒಂದು ಭಾಗದಲ್ಲಿ ಅದು ಬೇಕಾದ್ದಕ್ಕಿಂತ ಹೆಚ್ಚು ಸುರಿಯುತ್ತದೆ. ಸುಮ್ಮನೆ ಹಾದುಹೋಗುವ ಸದ್ದು, ತಲೆಯೊಳಗಿನ ಸ್ವಂತ ಯೋಚನೆ, ಎಲ್ಲವೂ ಯಾರೋ ಕೂಗಿ ಕೊಟ್ಟ ಆರ್ಡರ್ ಆಗಿಬಿಡುತ್ತದೆ. ಗ್ಲುಟಮೇಟ್ ಎಂಬ ಇನ್ನೊಂದರ ಹದವೂ ತಪ್ಪಿರಬಹುದು, ಪೂರ್ತಿ ಇನ್ನೂ ಯಾರಿಗೂ ಗೊತ್ತಿಲ್ಲ ಎಂದಳು. (ಗೊತ್ತಿಲ್ಲ ಎನ್ನುವ ಡಾಕ್ಟರ ಮೇಲೆ ನನಗೆ ನಂಬಿಕೆ ಜಾಸ್ತಿ.)

ಮಾತ್ರೆ ಮಾಡುವುದೇನು? ಡೋಪಮೈನ್ ಬರುವ ಮೊದಲೇ ಹೋಗಿ ಎಷ್ಟೋ ಗೂಡುಗಳಲ್ಲಿ ತಾನು ಕೂರುತ್ತದೆ. ಕೂಗು ಬಂದರೂ ಕೂರಲು ಜಾಗವಿಲ್ಲ. ಕೈಕಾಲು ಆಡಿಸುವ ಭಾಗದಲ್ಲೂ ಅವೇ ಗೂಡುಗಳು. ಅಲ್ಲಿಯೂ ಕೂತರೆ ಕೈ ನಡುಗುತ್ತದೆ.

ಅಂದರೆ ನಾನು ಸರಿಮಾಡಲು ಹೊರಟ ಆ ನಡುಕ, ಮಾತ್ರೆ ತನ್ನ ಕೆಲಸ ಮಾಡುತ್ತಿದ್ದುದರ ಗುರುತು.

ಆಮೇಲೆ ಹೇಳಿದಳು, ಇಷ್ಟು ನಿಯಮವಾಗಿ ತಿಂದೂ ನಾಟಲಿಲ್ಲ ಎಂದರೆ ಬೇರೆ ಔಷಧಿಯೇ ಬೇಕು. ಇನ್ನೂ ಜೋರಾದದ್ದು. ಪದೇ ಪದೇ ರಕ್ತ ಪರೀಕ್ಷೆ ಬೇಕಾಗುತ್ತದೆ. ಬರೆಯಲು ಪೆನ್ನು ಎತ್ತಿಕೊಂಡಳು.

"ಬರೆಯಬೇಡಿ" ಎಂದೆ. ಎಲ್ಲ ಹೇಳಿದೆ.

ಅವಳು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಗೂಡು ಬಹಳ ಕಾಲ ಮುಚ್ಚಿದ್ದರೆ ಕೋಶ ಇನ್ನಷ್ಟು ಗೂಡು ಹುಟ್ಟಿಸಿಕೊಳ್ಳಬಹುದು, ಮಾತ್ರೆ ದಿಢೀರ್ ನಿಂತರೆ ಅಷ್ಟೂ ಒಮ್ಮೆಗೇ ಬಾಯಿ ತೆರೆದು ಕೂರುತ್ತವೆ ಎಂದಳು. ಕೈ ನಡುಗುತ್ತದೆ ಎಂದು ಒಂದು ಮಾತು ಬಂದು ಹೇಳಿದ್ದರೆ ಪ್ರಮಾಣ ಇಳಿಸಿಯೋ ಮಾತ್ರೆ ಬದಲಿಸಿಯೋ ನೋಡಬಹುದಿತ್ತು ಎಂದಳು. ಆಮೇಲೆ, ಹೇಳಬೇಕಾದದ್ದು ತನಗಲ್ಲ, ಸದಾನಿಗೆ ಎಂದು ಬಾಗಿಲ ಕಡೆ ತೋರಿಸಿದಳು.

"ಮುಝೆ ನಹೀ ಅಂಕಲ್. ಉನ್ಕೋ ಬೋಲಿಯೇ."

ಸದಾ ಹೊರಗೆ ಬೆಂಚಿನ ಮೇಲೆ ನನಗೆ ಬೆನ್ನು ಹಾಕಿ ಕೂತಿದ್ದ. ಹಿಂದೆ ನಿಂತು, "ಸದಾ, ತಪ್ಪಾಯಿತು" ಎಂದೆ. ತಿರುಗಲಿಲ್ಲ. ಇನ್ನೊಮ್ಮೆ ಹೇಳಿದೆ. ಊಹೂಂ.

ಕೋಪ ಎಂದುಕೊಂಡೆ. ಆಮೇಲೆ ಹೊಳೆಯಿತು. ಇತ್ತೀಚೆಗೆ ಅವನು ಬೆನ್ನ ಹಿಂದಿನ ಯಾವ ದನಿಗೂ ತಿರುಗುವುದಿಲ್ಲ. ಬಾಯಿ ಅಲ್ಲಾಡುವುದು ಕಂಡರೆ ಮಾತ್ರ ಅದು ಮಾತು, ಇಲ್ಲದಿದ್ದರೆ ಅಲ್ಲ. ಹಾಗೆಂದು ತನಗೆ ತಾನೇ ಕಲಿಸಿಕೊಂಡಿದ್ದಾನೆ. ನಾನೋ, ಜನ್ಮವಿಡೀ ಅವನಿಗೆ ಮುಖ ತೋರಿಸದೆ ಕೂಗಿದವನು.

ಎದುರು ಹೋಗಿ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತೆ. ಅವನು ನನ್ನ ಕಣ್ಣು ನೋಡಲಿಲ್ಲ, ತುಟಿ ನೋಡಿದ.

"ಸದಾ, ಇದು ನಿನ್ನ ತಲೆಯೊಳಗಿನ ದನಿ ಅಲ್ಲ, ನಾನೇ ಹೇಳುತ್ತಿರುವುದು: ನೀನು ತಿಂದದ್ದು ಆ ಮಾತ್ರೆ ಅಲ್ಲ, ನಾನು ಬದಲಾಯಿಸಿದ್ದೆ, ತಪ್ಪು ನನ್ನದು, ನನ್ನನ್ನು ಕ್ಷಮಿಸು."