ಭಾವ ಹೊಲಿದ ಬೈಬಲ್

ನಮ್ಮ ಭಾವ ಬೈಂಡರ್. ಶಾಲೆಯ ಹಾಜರಿ ಪುಸ್ತಕದಿಂದ ಚರ್ಚಿನ ಬೈಬಲ್‌ವರೆಗೆ ಊರಿನಲ್ಲಿ ಹರಿದದ್ದೆಲ್ಲ ಅವರ ಸೂಜಿಗೇ ಬರಬೇಕು. ಪುಸ್ತಕದ ಬೆನ್ನು ನೋಡಿ ಓದಿದವರ ಗುಣ ಹೇಳುವ ಆಸಾಮಿ. ಒಳಗೇನಿದೆ ಅಂತ ಮಾತ್ರ ಕೇಳಬಾರದು.

ಆ ವರ್ಷ ಲೈಬ್ರರಿಯಿಂದ ಒಂದೇ ಕಾದಂಬರಿಯ ಆರು ಪ್ರತಿಗಳು ರಿಪೇರಿಗೆ ಬಂದವು. ಹಿಂದಿನ ಕಾಲದ ಧರ್ಮಗುರುಗಳು ಸುವಾರ್ತೆಯ ಪುಟಗಳನ್ನೇ ಕಿತ್ತು ಬಚ್ಚಿಟ್ಟರೆಂಬ ಪತ್ತೇದಾರಿ ಕಥೆ. ಜನ ಮುಗಿಬಿದ್ದು ಓದಿ ಪುಸ್ತಕದ ಬೆನ್ನು ಮುರಿದಿದ್ದರು. ಕಥೆ ಏನೆಂದು ಯಾರೋ ಹೇಳಿದ್ದೇ ಭಾವ ಕೆಂಡವಾದರು. ಅಷ್ಟಕ್ಕೇ ಮುಗಿಯುತ್ತಿತ್ತೋ ಏನೋ, ಆದರೆ ಅಂಗಡಿಯಲ್ಲೇ ಕೂತು ಅದನ್ನು ಎರಡು ದಿನದಲ್ಲಿ ಓದಿ ಮುಗಿಸಿದ್ದು ಅವರ ಮಗಳು. “ಇದಕ್ಕೆ ಉತ್ತರ ಸಿಗೋವರೆಗೂ ನಾನು ಚರ್ಚಿಗೆ ಬರಲ್ಲ” ಎಂದುಬಿಟ್ಟಳು. ಒಬ್ಬಳೇ ಮಗಳು. ಭಾನುವಾರ ಪಕ್ಕದ ಜಾಗ ಖಾಲಿ ಕಂಡು ಭಾವನಿಗೆ ಹಾಡಲು ದನಿಯೇ ಏಳಲಿಲ್ಲ.

ಮಗಳನ್ನು ಗೆಲ್ಲಲೆಂದು ಖಂಡನೆ ಬರೆಯಲು ಕೂತರು. ಬರೆಯುವ ಮೊದಲೇ ನೋಟ್‌ಪುಸ್ತಕಕ್ಕೆ ಚರ್ಮದ ಬೆನ್ನು, ಮೇಲೆ ಚಿನ್ನದ ಅಕ್ಷರ! ಮೊದಲ ಪುಟದಲ್ಲಿ: “ಮೂವತ್ತು ವರ್ಷದಿಂದ ದಿನವೂ ಸತ್ಯವೇದ ಓದುವ ನಾನು ಹೇಳುವುದೇನೆಂದರೆ...”

“ಆ ಕಾದಂಬರಿ ಓದಿದ್ರಾ ಭಾವ?” ಎಂದೆ.

“ಕೆಸರು ಅಂತ ಗೊತ್ತಾಗೋಕೆ ಕಾಲಿಡ್ಲೇಬೇಕೇನೋ? ಸುಮ್ನಿರು.”

ಶನಿವಾರ ಮಧ್ಯಾಹ್ನ ಊಟದ ಮೇಜಿನೆದುರು ಮಗಳನ್ನು ಕೂರಿಸಿ ಖಂಡನೆ ಓದತೊಡಗಿದರು. “ಸತ್ಯವೇದದ ಒಂದು ಪುಟವನ್ನೂ ಯಾರೂ ಮುಟ್ಟಿಲ್ಲ” ಎಂಬಲ್ಲಿಗೆ ಬಂದರು ನೋಡಿ, ಅವಳು ಎದ್ದು ಹೋಗಿ ಮನೆಯ ಬೈಬಲ್ ತಂದಿಟ್ಟಳು. ಹನ್ನೊಂದು ವರ್ಷದ ಹಿಂದೆ ಭಾವನೇ ಬಿಚ್ಚಿ ಹೊಸದಾಗಿ ಹೊಲಿದದ್ದು.

“ಕಾದಂಬರಿ ಹೇಳಿದ್ದು ನಿಜಾನಾ ಅಂತ ಸುವಾರ್ತೆ ಓದ್ತಾ ಬಂದೆ ಅಪ್ಪಾ. ಲೂಕನ ಇಪ್ಪತ್ತೊಂದನೇ ಅಧ್ಯಾಯ ಆದ್ಮೇಲೆ ಸೀದಾ ಯೋಹಾನ ಮೂರು. ಶಿಲುಬೆ ಎಲ್ಲಿ? ಸಮಾಧಿಯಿಂದ ಎದ್ದು ಬಂದದ್ದೆಲ್ಲಿ?”

ಭಾವ ಪುಟಸಂಖ್ಯೆ ನೋಡಿದರು. ಒಟ್ಟಿಗೆ ಮಡಚಿ ಹೊಲಿಯುವ ಹದಿನಾರು ಪುಟಗಳ ಒಂದು ಮಡಿಕೆಯೇ ಪೂರ್ತಿ ಇಲ್ಲ. ಮಡಿಕೆ ಎಣಿಸದೆ ಸೂಜಿ ಮುಟ್ಟಬಾರದೆಂದು ಊರಿಗೆಲ್ಲ ಪಾಠ ಹೇಳುವವರು!

“ಮತ್ತಾಯ, ಮಾರ್ಕನ ಸುವಾರ್ತೆಗಳಲ್ಲಿ ಇದೆಯಲ್ಲಮ್ಮಾ...”

“ಅಲ್ಲಿದೆ. ಲೂಕದಲ್ಲಿಲ್ಲ ಅಂತ ಹನ್ನೊಂದು ವರ್ಷ ನಿಮಗೆ ಗೊತ್ತೇ ಆಗ್ಲಿಲ್ವಾ?”

ಭಾವ ದಿನವೂ ಓದುತ್ತಿದ್ದದ್ದೇನೋ ನಿಜ. ರಿಬ್ಬನ್ ಇಟ್ಟಲ್ಲಿ ತೆರೆಯುವುದು, ಅದೇ ಎರಡು ಕೀರ್ತನೆ ಹೇಳುವುದು, ಮುಚ್ಚುವುದು. ಆ ಎರಡು ಪುಟ ಮಾತ್ರ ಕೈ ಸವರಿ ಕಪ್ಪಾಗಿದ್ದವು. ನನಗೆ ನಗು ಬಂತು, ಅವರ ಮುಖ ನೋಡಿ ನುಂಗಿಕೊಂಡೆ. ಪಾಪ ಅನಿಸಿತು.

ಮೂವರೂ ಅಂಗಡಿಗೆ ಹೋದೆವು. ಹಳೆಯ ಕಾಗದದ ಪೆಟ್ಟಿಗೆಯ ತಳದಲ್ಲಿ ಮಡಿಕೆ ಸಿಕ್ಕಿತು. ಸುವಾರ್ತೆಯ ಪುಟ ಬಚ್ಚಿಟ್ಟವರು ಯಾರೆಂಬ ಪತ್ತೇದಾರಿ ಅಲ್ಲಿಗೆ ಮುಗಿಯಿತು.

ಹೊಲಿಯುವ ಮುಂಚೆ “ಓದಮ್ಮಾ” ಎಂದರು. ಅವಳು ಓದುತ್ತಾ ಹೋದಳು. ಯೇಸುವಿನ ಆಪ್ತ ಶಿಷ್ಯ ಪೇತ್ರ ಮೂರು ಸಲ ‘ಅವನನ್ನು ನಾನರಿಯೆ’ ಎಂದದ್ದು, ಕೋಳಿ ಕೂಗಿದ್ದು, ಯೇಸು ತಿರುಗಿ ನೋಡಿದ್ದು. ದಾರ ಪೋಣಿಸುತ್ತಿದ್ದ ಭಾವನ ಕೈ ನಿಂತಿತು.

“ಇನ್ನೊಂದ್ಸಲ ಓದು.”

ಕಣ್ಣೊರೆಸಿಕೊಂಡು ಖಂಡನೆಯ ನೋಟ್‌ಪುಸ್ತಕ ಎಳೆದು, ‘ಮೂವತ್ತು ವರ್ಷದಿಂದ’ ಎಂದಿದ್ದ ಮೊದಲ ಪುಟವನ್ನು ಹರಿದು ಹಾಕಿದರು.

ಮರುದಿನ ಚರ್ಚಿನಲ್ಲಿ ಅಪ್ಪನ ಪಕ್ಕದಲ್ಲಿ ಅವಳು ಕೂತಿದ್ದಳು. “ಉತ್ತರ ಸಿಕ್ತೇನೇ?” ಎಂದೆ.

“ಎಲ್ಲಿ ಮಾವ! ಆದ್ರೆ ಅಪ್ಪ ಓದೋಕೆ ಶುರು ಮಾಡಿದಾರೆ. ನನ್ನ ಬಿಟ್ಟು ಮುಂದಿನ ಪುಟಕ್ಕೆ ಹೋಗಲ್ವಂತೆ.”