ಕ್ಯಾಮರಾಗೆ ಇಟ್ಟ ಬೊಟ್ಟು

ನಮ್ಮತ್ತೆ ಯಶೋದಮ್ಮನಿಗೆ ಇರುವುದು ಒಂದೇ ಕಣ್ಣು. ಅದೊಂದರಲ್ಲೇ ದುದ್ದದ ಅರ್ಧ ಊರನ್ನು ಹೆದರಿಸಿಟ್ಟಿದ್ದಾರೆ. ಹಾಲಿನ ಡೈರಿಯಲ್ಲಿ ಸಾಲು ತಪ್ಪಿಸಿ ನುಗ್ಗುವ ಗಂಡಸರು ಅವರನ್ನು ಕಂಡರೆ ಕ್ಯಾನು ಹಿಡಿದುಕೊಂಡು ತೆಪ್ಪಗೆ ಹಿಂದಕ್ಕೆ ಸರಿಯುತ್ತಾರೆ. ಭಾರತೀನಗರದಿಂದ ಸೊಸೆಯಾಗಿ ಬಂದ ಹೊಸದರಲ್ಲಿ ನನ್ನದೂ ಅದೇ ಪಾಡು. ಆದರೆ ಅತ್ತೆಗಿಂತ ನನಗೆ ಹೆಚ್ಚು ದಿಗಿಲು ಹುಟ್ಟಿಸಿದ್ದು ಆ ಮನೆಯ ಗೋಡೆ. ನನ್ನ ಗಂಡ ಪುಟ್ಟರಾಜು ಮಗುವಾಗಿದ್ದಾಗಿನ ಒಂದೇ ಒಂದು ಫೋಟೋ ಅಲ್ಲಿರಲಿಲ್ಲ. ಯಾಕೆಂದು ಕೇಳಿದೆ.

"ನಮ್ಮನೆ ಮಕ್ಳ ಕಣ್ಣ ಕ್ಯಾಮರಾ ತಿಂತದೆ ಕಣವ್ವ" ಅಂದರು ಅತ್ತೆ, ಸಾರಿಗೆ ಉಪ್ಪು ಸಾಲದು ಅನ್ನುವಷ್ಟೇ ಸಲೀಸಾಗಿ.

ಅವರಿಗೆ ಎರಡು ವರ್ಷವಿದ್ದಾಗ ಅವರಪ್ಪ ಅಂಕಯ್ಯ ಮಂಡ್ಯದ ಸ್ಟುಡಿಯೋದಲ್ಲಿ ಫೋಟೋ ತೆಗೆಸಿದರಂತೆ. ಅದರಲ್ಲಿ ಎಡಗಣ್ಣಿನ ಪಾಪೆ ಸುಣ್ಣ ಮೆತ್ತಿದ ಹಾಗೆ ಬೆಳ್ಳಗೆ ಬಂದಿತ್ತು. ಆಮೇಲೆ ಕಣ್ಣು ಉಬ್ಬಿಕೊಂಡಿತು, ಮೈಸೂರಿಗೆ ಹೋಗಿ ತೆಗೆಸಬೇಕಾಯಿತು. ಅಂಕಯ್ಯನಿಗೂ ಚಿಕ್ಕಂದಿನಿಂದ ಒಂದೇ ಕಣ್ಣು. ಅವರಿಗೂ ಯಾರೋ ಫೋಟೋ ತೆಗೆದಿರಬೇಕು ಎಂದು ಮನೆಯವರೇ ಕತೆಗೆ ಸೇರಿಸಿಕೊಂಡರು. ಮುಂದೆ ಅತ್ತೆಯ ಮೊದಲ ಮಗ ಅಪ್ಪು. ಯಾರದೋ ಮದುವೆಯಲ್ಲಿ ತೆಗೆದ ಫೋಟೋದಲ್ಲಿ ಅವನ ಕಣ್ಣೂ ಬೆಳ್ಳಗೆ ಹೊಳೆಯಿತು. ಡಾಕ್ಟರು ಹೇಳಿದರೂ, ತಾನು ಪಟ್ಟ ಪಾಡು ಮಗನಿಗೆ ಬೇಡವೆಂದು ಅತ್ತೆ ಕಣ್ಣು ತೆಗೆಸಲು ಒಪ್ಪಲಿಲ್ಲ. ಆ ಫೋಟೋವನ್ನು ಒಲೆಗೆ ಹಾಕಿದರು. ಸುಟ್ಟರೆ ಕ್ಯಾಮರಾ ತಾನು ಕಿತ್ತುಕೊಂಡದ್ದನ್ನು ವಾಪಸು ಕೊಡುತ್ತದೆಂದು ನಂಬಿದ್ದರು. ಅಪ್ಪು ಮುಂದಿನ ಸಂಕ್ರಾಂತಿ ನೋಡಲಿಲ್ಲ. ಆಮೇಲೆ ಹುಟ್ಟಿದ ಪುಟ್ಟರಾಜುವಿನ ಹತ್ತಿರಕ್ಕೆ ಕ್ಯಾಮರಾ ಸುಳಿಯಲಿಲ್ಲ, ಅವರ ಎರಡೂ ಕಣ್ಣು ಉಳಿದವು. ಇದಕ್ಕಿಂತ ಸಾಕ್ಷಿ ಬೇಕೇ?

ನನಗೆ ನಾಗಶ್ರೀ ಹುಟ್ಟಿದಾಗ ಅತ್ತೆ ನನ್ನ ಫೋನಿನ ಕ್ಯಾಮರಾ ಮುಚ್ಚುವಂತೆ ತಮ್ಮ ದೊಡ್ಡ ಸ್ಟಿಕ್ಕರ್ ಬೊಟ್ಟು ಅಂಟಿಸಿದರು. ನಾನು ಸಿಟ್ಟಾದೆ, ಊಟ ಬಿಟ್ಟೆ, ಪದವಿ ಓದಿದವಳು ಅಂತೆಲ್ಲ ಹಾರಾಡಿದೆ. ಕೊನೆಗೆ ಸುಮ್ಮನಾದೆ. ನಿಜ ಹೇಳಬೇಕೆಂದರೆ, ಆ ಮನೆಯಲ್ಲಿ ಒಂದಷ್ಟು ಕಾಲ ಇದ್ದರೆ ಭಯ ನಮಗೂ ಹತ್ತಿಕೊಳ್ಳುತ್ತದೆ.

ಮಗುವಿಗೆ ಒಂದೂವರೆ ವರ್ಷ. ಒಂದು ಸಂಜೆ ಕರೆಂಟು ಹೋಗಿತ್ತು. ಅತ್ತೆ ಎದುರಿನ ಕೊಟ್ಟಿಗೆಯಲ್ಲಿ ಎಮ್ಮೆಯ ಹಾಲು ಕರೆಯುತ್ತಿದ್ದರು, ನಾನು ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಪುಟ್ಟರಾಜುವಿನ ಬೈಕಿನ ಬೆಳಕು ಓಣಿಯಿಂದ ತಿರುಗಿ ಮಗುವಿನ ಮುಖದ ಮೇಲೆ ಬಿತ್ತು. ಕತ್ತಲಲ್ಲಿ ಬೆಕ್ಕಿನ ಕಣ್ಣು ಹೊಳೆಯುವಂತೆ ಅವಳ ಎಡಗಣ್ಣು ಹೊಳೆದು ಆರಿತು. ಹಾಲು ಕರೆಯುವ ಸದ್ದು ನಿಂತುಹೋಯಿತು.

"ಯಾರವ್ವ ಪೋಟೋ ತಗುದ್ರು?" ಅತ್ತೆಯ ದನಿ ಎಲ್ಲೋ ಆಳದಿಂದ ಬಂದಂತಿತ್ತು.

"ಯಾರೂ ಇಲ್ಲ ಅತ್ತೆ, ಮಗು ಆಣೆ."

ನನ್ನ ಫೋನು ಕಿತ್ತುಕೊಂಡು ತಿರುಗಿಸಿ ನೋಡಿದರು. ಬೊಟ್ಟು ಅಂಟಿಸಿದ ಹಾಗೇ ಇತ್ತು. ಕ್ಯಾಮರಾ ತಿಂದಿದ್ದರೆ ಬೈಯಲು ಒಬ್ಬ ಕಳ್ಳನಾದರೂ ಇರುತ್ತಿದ್ದ. ಈಗ ಬಾಗಿಲೆಲ್ಲ ಹಾಕಿದ ಮನೆಯೊಳಗೆ ಕಣ್ಣು ತಿನ್ನುವುದೇನೋ ಮೊದಲಿಂದಲೂ ನಮ್ಮ ಜೊತೆಯಲ್ಲೇ ಕೂತಿತ್ತು ಅನ್ನಿಸಿತು. ಅತ್ತೆ ಉಗುರಿನಿಂದ ಬೊಟ್ಟು ಎಬ್ಬಿಸಿದರು. "ತಗಿ" ಅಂದರು. ಫ್ಲ್ಯಾಶ್ ಹಾಕಿ ತೆಗೆದೆ. ಫೋಟೋದಲ್ಲಿ ಒಂದು ಪಾಪೆ ಕೆಂಪು, ಇನ್ನೊಂದು ಬಿಳಿ.

ಮಾರನೆಯ ದಿನವೇ ಬೆಂಗಳೂರಿನ ಕಣ್ಣಾಸ್ಪತ್ರೆಗೆ ಹೋದೆವು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರ್ ಸುನಿತಾ ಕೂರಿಸಿಕೊಂಡು ಹೇಳಿದರು. ನಮ್ಮ ಜೀವಕೋಶಗಳಲ್ಲಿ ಆರ್‌ಬಿ ಎಂಬ ಪ್ರೋಟೀನು ಇರುತ್ತದೆ. ಕೋಶ ಒಡೆದು ಎರಡಾಗಲು ಹೊರಟಾಗ, ಸಮಯವಲ್ಲದಿದ್ದರೆ ತಡೆಯುವುದು ಅದರ ಕೆಲಸ. ಅದನ್ನು ಮಾಡುವ ಜೀನಿನ ಪ್ರತಿ ಎರಡು, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಈ ವಂಶದಲ್ಲಿ ಒಂದು ಪ್ರತಿ ಹುಟ್ಟಿನಿಂದಲೇ ಕೆಟ್ಟಿರಬೇಕು. ಕಣ್ಣಿನ ಎಳೆಯ ಕೋಶವೊಂದರಲ್ಲಿ ಉಳಿದ ಇನ್ನೊಂದೂ ಕೆಟ್ಟರೆ ತಡೆಯುವವರಿಲ್ಲ, ಗೆಡ್ಡೆ ಬೆಳೆಯುತ್ತದೆ. ಬೆಳಕು ಬಿದ್ದಾಗ ಬೆಳ್ಳಗೆ ಹೊಳೆಯುವುದು ಆ ಗೆಡ್ಡೆ.

ಅತ್ತೆ ನನ್ನ ಮುಖ ನೋಡಿದರು. "ನಾಲೆ ನೀರು ಬಿಡೋಕೆ, ನಿಲ್ಲಿಸೋಕೆ ಇಬ್ಬರು ನೀರುಗಂಟಿಗಳಿದ್ದಂಗೆ ಅತ್ತೆ" ಅಂದೆ. "ನಿಮ್ಮ ವಂಶದವರಿಗೆ ಹುಟ್ಟುವಾಗಲೇ ಒಬ್ಬನಿಲ್ಲ. ಇನ್ನೊಬ್ಬನೂ ಹೋದರೆ ತೂಬು ಮುಚ್ಚೋರ್ಯಾರು?"

"ಹಂಗಾರೆ ನನ್ ಮಗ್ನುಗೆ ಯಾಕ್ ಬರ್ನಿಲ್ಲ?"

ಡಾಕ್ಟರು ಪುಟ್ಟರಾಜುವಿನ ಕಣ್ಣಿಗೆ ಔಷಧಿ ಬಿಟ್ಟು ಒಳಗೆ ನೋಡಿದರು. ಅಲ್ಲೊಂದು ಹಳೆಯ ಕಲೆ ಇತ್ತು. ಅವರಿಗೂ ಚಿಕ್ಕಂದಿನಲ್ಲಿ ಗೆಡ್ಡೆ ಬಂದು, ಅಪರೂಪಕ್ಕೆ ಆಗುವಂತೆ ತಾನೇ ನಿಂತು ಒಣಗಿಹೋಗಿತ್ತು. ಅಷ್ಟು ಕಾವಲು ಕಾದ ಮನೆಯಲ್ಲಿ, ಎಲ್ಲರ ಮುಂದೆಯೇ, ಅದು ಬಂದು ಹೋಗಿತ್ತು. ನನ್ನ ಗಂಡ ತಮ್ಮ ಕಣ್ಣಿನ ಮೇಲೆ ಕೈಯಿಟ್ಟುಕೊಂಡು ಕೂತುಬಿಟ್ಟರು.

ನಾಗಶ್ರೀಯ ಬಲಗಣ್ಣು ಸದ್ಯಕ್ಕೆ ಚೊಕ್ಕಟವಾಗಿತ್ತು, ವರ್ಷಗಟ್ಟಲೆ ನೋಡುತ್ತಿರಬೇಕು. ಎಡಗಣ್ಣು ತೆಗೆದರೆ ಮಗು ಉಳಿಯುತ್ತದೆ, ಬಿಟ್ಟರೆ ಗೆಡ್ಡೆ ನರದ ದಾರಿ ಹಿಡಿದು ಮಿದುಳು ಸೇರುತ್ತದೆ ಅಂದರು. ನಾನು ಮಗುವನ್ನು ಅವುಚಿಕೊಂಡು ಆಗೋದಿಲ್ಲ ಅಂತ ಕಿರುಚಿದೆ. ಕಾರಿಡಾರಿನ ಜನರೆಲ್ಲ ತಿರುಗಿ ನೋಡಿದರು. ನಾಚಿಕೆಯೇನೂ ಆಗಲಿಲ್ಲ.

ಅತ್ತೆ ನನ್ನ ಗಲ್ಲ ಹಿಡಿದು ಮುಖ ತಮ್ಮ ಕಡೆ ತಿರುಗಿಸಿಕೊಂಡರು. "ನನ್ನ ನೋಡು ಸ್ವೇತಾ. ಸರ್ಯಾಗ್ ನೋಡು. ಇದೊಂದ್ರಲ್ಲೇ ಹಾಲು ಕರ್ದೆ, ಕಬ್ಬು ಕಡ್ದೆ, ನಿನ್ ಗಂಡನ್ನ ಸಾಕ್ದೆ. ಏನ್ ಕಮ್ಮಿ ಆಗದೆ ನಂಗೆ? ತಗುಸ್ಬುಡವ್ವ."

ಅಷ್ಟು ಹತ್ತಿರದಿಂದ ಆ ಖಾಲಿ ಗುಳಿಯನ್ನು ನಾನು ಯಾವತ್ತೂ ನೋಡಿರಲಿಲ್ಲ. ನೋಡಿದೆ. ಒಪ್ಪಿಕೊಂಡೆ.

ಆಪರೇಷನ್ ಆದ ಎರಡನೇ ದಿನಕ್ಕೆ ನಾಗಶ್ರೀ ಹಾಸಿಗೆಯ ಮೇಲೆ ಕೂತು, ಕಟ್ಟಿದ ಬ್ಯಾಂಡೇಜನ್ನೂ ಮರೆತು ಸ್ಟೀಲ್ ಲೋಟ ನೆಲಕ್ಕೆಸೆದು ಕೇಕೆ ಹಾಕಿದಳು. ಎತ್ತಿಕೊಟ್ಟಷ್ಟೂ ಎಸೆದಳು. ನಾನು ನಗುತ್ತಾ ಅಳುತ್ತಾ ಎತ್ತಿಕೊಡುತ್ತಿದ್ದೆ. ಅತ್ತೆ ಗೋಡೆಗೊರಗಿ ಮಗುವನ್ನೇ ನೋಡುತ್ತಿದ್ದರು. ನನಗೆ ಕೇಳಿಸಲೆಂದಲ್ಲ, ತಮ್ಮಷ್ಟಕ್ಕೆ ಹೇಳಿಕೊಂಡರು.

"ಅಪ್ಪುಗೂ ಒಂದ್ ಕಣ್ಣು ಸಾಕಾಗ್ತಿತ್ತು."